15ನೇ ನಂಬರ್ ಕಡ್ಡಿ: ಬೆಣ್ಣೆ ಹಣ್ಣಿನ ಹಿಂದಿರುವ ಒಂದು ಹಿತ್ತಿಲು

ಭಾಗ 1/10

ಬೆಂಗಳೂರಿನ ಜ್ಯೂಸ್ ಅಂಗಡಿ ಮುಂದೆ ನಿಂತು "ಅಣ್ಣ, ಒಂದು ಬಟರ್ ಫ್ರೂಟ್" ಅಂದ್ರೆ ಸಾಕು. ಹಾಲು, ಸಕ್ಕರೆ ಹಾಕಿ ಅರೆದ ತಿಳಿಹಸಿರು ಬಣ್ಣದ ಗಟ್ಟಿ ಜ್ಯೂಸ್ ಕೈಗೆ ಬರುತ್ತೆ. ಅದೇ ಹಣ್ಣನ್ನ ಕೆಫೆಯವರು ಬ್ರೆಡ್ ಮೇಲೆ ಹಚ್ಚಿ "ಆವಕಾಡೊ ಟೋಸ್ಟ್" ಅಂತ ತಂದಿಟ್ಟಾಗ ಬಿಲ್ ನೋಡಿ ನಾವೆಲ್ಲ ಒಂದು ಕ್ಷಣ ಸುಮ್ಮನಾಗ್ತೀವಿ. ಹಣ್ಣು ಒಂದೇ, ಹೆಸರು ಎರಡು.

ಈ ಹಣ್ಣು ಮೆಕ್ಸಿಕೊ ಕಡೆಯದು ಅಂತ ನಿಮಗೆ ಗೊತ್ತಿರಬಹುದು. ಮುಂದಿನ ಭಾಗ ನಮ್ಮ ಪಠ್ಯಪುಸ್ತಕದಲ್ಲಿ ಬರಲ್ಲ. ಇವತ್ತು ಕೋಟಿಗಟ್ಟಲೆ ದುಡ್ಡು ಓಡಾಡುವ ಈ ಬೆಳೆ ಅಮೆರಿಕದಲ್ಲಿ ಕಾಲೂರಿದ್ದು 1911ರಲ್ಲಿ ಒಬ್ಬ ಹುಡುಗ ಮೆಕ್ಸಿಕೊದ ಊರೂರು ಸುತ್ತಿ, ಯಾರದೋ ಹಿತ್ತಿಲಿಂದ ಕಡಿದು ತಂದ ಒಂದು ಕಡ್ಡಿಯಿಂದ. ಪೆನ್ಸಿಲ್ ದಪ್ಪದ ಕಡ್ಡಿ, ಅಷ್ಟೇ. ಆಗ ಅವನ ವಯಸ್ಸು 21. ನಿಮಗಿಂತ ಎರಡು ಮೂರು ವರ್ಷ ದೊಡ್ಡವನು, ಅಥವಾ ನಿಮ್ಮದೇ ವಯಸ್ಸು.

ಇತಿಹಾಸ ಅಂದ ತಕ್ಷಣ ನಮಗೆ ಯುದ್ಧ, ರಾಜ, ಒಪ್ಪಂದ ನೆನಪಾಗುತ್ತೆ. ನಮ್ಮ ತಟ್ಟೆಯಲ್ಲಿರೋ ಹಣ್ಣಿಗೂ ಒಂದು ಇತಿಹಾಸ ಇದೆ, ಅದಕ್ಕೂ ತಾರೀಖು ಇದೆ, ಊರಿದೆ, ಮನೆಯಿದೆ. ಕೆಲವು ಹಣ್ಣುಗಳಿಗಂತೂ ಆ ಮನೆ ಯಜಮಾನನ ಹೆಸರು ಕೂಡ ಗೊತ್ತು. ಈ ಸರಣಿಯಲ್ಲಿ ಅಂಥ ಒಂದು ವಿಳಾಸ ಹುಡುಕಿಕೊಂಡು ಹೋಗೋಣ. ಹೋಗ್ತಾ ಹೋಗ್ತಾ ಒಂದು ಪ್ರಶ್ನೆ ಜೊತೆಗೇ ಬರುತ್ತೆ: ಮರ ಒಬ್ಬರದು, ಕಡ್ಡಿ ಕಡಿದವನು ಇನ್ನೊಬ್ಬ, ದುಡ್ಡು ಮಾಡಿದವರು ಮತ್ತೊಬ್ಬರು. ಹಾಗಾದ್ರೆ ಹಣ್ಣು ಯಾರದು?

ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ. ಹತ್ತು ಭಾಗ ಇದೆ.

ಭಾಗ 2/10: ಕಡ್ಡಿಯೇ ಯಾಕೆ? ಬೀಜ ಸಾಲದಾ?

ಮೊದಲು ಈ ಗಂಟು ಬಿಡಿಸಿಕೊಳ್ಳಬೇಕು. ಇಲ್ಲಾಂದ್ರೆ ಆ ಹುಡುಗ ಅಷ್ಟು ದೂರ ಯಾಕೆ ಹೋದ ಅನ್ನೋದು ಅರ್ಥ ಆಗಲ್ಲ.

ನೀವು ತುಂಬಾ ರುಚಿಯಾದ ಒಂದು ಬಾದಾಮಿ ಮಾವಿನಹಣ್ಣು ತಿಂದಿರಿ ಅಂತಿಟ್ಕೊಳ್ಳಿ. ವಾಟೆಯನ್ನ ಹಿತ್ತಿಲಲ್ಲಿ ಹೂತ್ರಿ. ಏಳೆಂಟು ವರ್ಷ ಕಾದ್ರಿ. ಹಣ್ಣು ಬಂತು. ಅದು ಬಾದಾಮಿ ಆಗಿರುತ್ತೆ ಅಂತ ಯಾರೂ ಮಾತು ಕೊಡಕ್ಕಾಗಲ್ಲ. ಹುಳಿ ಇರಬಹುದು, ನಾರು ಜಾಸ್ತಿ ಇರಬಹುದು, ಅದೃಷ್ಟ ಇದ್ರೆ ತಾಯಿಗಿಂತ ಚೆನ್ನಾಗೂ ಇರಬಹುದು. ಯಾಕಂದ್ರೆ ಆ ಹೂವಿಗೆ ಪರಾಗ ಎಲ್ಲಿಂದ ಬಂತೋ ಯಾರಿಗೆ ಗೊತ್ತು? ಬೀಜ ಅಂದ್ರೆ ಮಗು. ಮಗು ಅಮ್ಮನ ಹಾಗೇ ಇರಬೇಕು ಅಂತ ಏನೂ ಇಲ್ವಲ್ಲ.

ಬೆಣ್ಣೆ ಹಣ್ಣಿನಲ್ಲಿ ಇದು ಇನ್ನೂ ಜಾಸ್ತಿ. ಅದರ ಹೂವು ಎರಡು ಸಲ ಅರಳುತ್ತೆ. ಒಂದು ಸಲ ಹೆಣ್ಣಾಗಿ, ಮುಚ್ಚಿಕೊಂಡು ಮತ್ತೆ ಅರಳುವಾಗ ಗಂಡಾಗಿ. ಕೆಲವು ಮರ ಬೆಳಿಗ್ಗೆ ಹೆಣ್ಣಾಗಿ ಅರಳಿ ಮರುದಿನ ಮಧ್ಯಾಹ್ನ ಗಂಡಾಗುತ್ತೆ. ಇನ್ನು ಕೆಲವು ಮರ ಮಧ್ಯಾಹ್ನ ಹೆಣ್ಣಾಗಿ ಮರುದಿನ ಬೆಳಿಗ್ಗೆ ಗಂಡಾಗುತ್ತೆ. ಹೀಗಾಗಿ ಪಕ್ಕದ ಮರದ ಪರಾಗ ಸೇರೋದು ಸಲೀಸು. ಒಂದೇ ಮರದ ನೂರು ಬೀಜ ನೆಟ್ರೆ ನೂರು ಥರದ ಮರ.

ಕಡ್ಡಿಯ ಲೆಕ್ಕವೇ ಬೇರೆ. ಒಳ್ಳೆ ಮರದ ಒಂದು ಬಲಿತ ಕಡ್ಡಿ ಅಥವಾ ಅದರ ಒಂದು ಮೊಗ್ಗನ್ನ (ಕಸಿ ಕಟ್ಟುವವರು ಅದಕ್ಕೆ ಕಣ್ಣು ಅಂತಾರೆ) ಬೇರೆ ಗಿಡದ ಕಾಂಡಕ್ಕೆ ಕೂರಿಸ್ತಾರೆ. ಎರಡರ ತೊಗಟೆ ಕೆಳಗಿನ ಹಸಿ ಪದರ ಒಂದಕ್ಕೊಂದು ತಾಗಿದ್ರೆ ಅಂಟಿಕೊಳ್ಳುತ್ತೆ. ಕೆಳಗಿನ ಗಿಡ ಬೇರು ಕೊಡುತ್ತೆ, ಮೇಲಿನ ಕಡ್ಡಿ ಹಣ್ಣು ಕೊಡುತ್ತೆ. ಆ ಹಣ್ಣು ತಾಯಿಮರದ ಹಣ್ಣೇ. ಕಡ್ಡಿ ಅಂದ್ರೆ ಮಗು ಅಲ್ಲ, ಅದೇ ಮರ. ಬೇರೆ ಜಾಗದಲ್ಲಿ ನಿಂತಿದೆ, ಅಷ್ಟೇ.

ಇದರ ಇನ್ನೊಂದು ಅರ್ಥ ನೋಡಿ. ಕಡ್ಡಿ ಬೇಕಂದ್ರೆ ಮರದ ಹತ್ತಿರವೇ ಹೋಗಬೇಕು. ಮರ ಇರೋದು ಯಾರದೋ ಮನೆಯಲ್ಲಿ.

ಭಾಗ 3/10: ಕ್ಯಾಲಿಫೋರ್ನಿಯಾದ ತಲೆನೋವು

1900ರ ಆಸುಪಾಸು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ, ನಿಂಬೆ ತೋಟಗಳು ಜೋರಾಗಿದ್ವು. ಆವಕಾಡೊ ಕೂಡ ಅಲ್ಲಲ್ಲಿ ಇತ್ತು, ಆದ್ರೆ ಬಹುಪಾಲು ಬೀಜದಿಂದ ಎದ್ದ ಮರಗಳು. ಒಂದರ ಹಣ್ಣು ಗೋಲಿಯಷ್ಟು, ಇನ್ನೊಂದರದು ನೀರು ನೀರು, ಮತ್ತೊಂದರದು ಸಿಪ್ಪೆ ಎಷ್ಟು ತೆಳು ಅಂದ್ರೆ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ರೆ ಜಜ್ಜಿ ಹೋಗುತ್ತೆ. ಮನೆಯವರು ತಿನ್ನಕ್ಕೆ ಪರವಾಗಿಲ್ಲ, ವ್ಯಾಪಾರಕ್ಕೆ ಆಗಲ್ಲ. ವ್ಯಾಪಾರಕ್ಕೆ ಪ್ರತಿ ಪೆಟ್ಟಿಗೆಯಲ್ಲೂ ಒಂದೇ ಥರದ ಹಣ್ಣು ಬೇಕು.

ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾ ಅನ್ನೋ ಊರಲ್ಲಿ ಫ್ರೆಡರಿಕ್ ಪೊಪೆನೊ ಅನ್ನೋರು ವೆಸ್ಟ್ ಇಂಡಿಯಾ ಗಾರ್ಡನ್ಸ್ ಅಂತ ಒಂದು ನರ್ಸರಿ ನಡೆಸ್ತಿದ್ರು. ಅವರ ಮಗ ವಿಲ್ಸನ್ ಪೊಪೆನೊ ಮುಂದೆ ದೊಡ್ಡ ಸಸ್ಯಶೋಧಕ ಆದ, ಅಮೆರಿಕ ಸರ್ಕಾರದ ಕೃಷಿ ಇಲಾಖೆಗಾಗಿ ಗ್ವಾಟೆಮಾಲಾದಲ್ಲಿ ಊರೂರು ತಿರುಗಿ ಆವಕಾಡೊ ಕಡ್ಡಿ ಕಳಿಸಿದ. ಅಪ್ಪನ ಲೆಕ್ಕಾಚಾರ ಸರಳ. ಈ ಹಣ್ಣನ್ನ ಸಾವಿರಾರು ವರ್ಷದಿಂದ ತಿಂತಿರೋದು ಮೆಕ್ಸಿಕೊದವರು. ಒಳ್ಳೆ ಮರ ಯಾವುದು ಅನ್ನೋದು ಅವರಿಗೆ ಗೊತ್ತು. ನಾವು ಬೀಜ ಹಾಕಿ ಅದೃಷ್ಟ ನೋಡೋದಕ್ಕಿಂತ ಅಲ್ಲಿಗೇ ಹೋಗಿ ಒಳ್ಳೆ ಮರದ ಕಡ್ಡಿ ತರೋದು ವಾಸಿ.

ಬರೀ ರುಚಿ ಇದ್ರೆ ಸಾಲದು. ಕ್ಯಾಲಿಫೋರ್ನಿಯಾದ ಚಳಿ ತಡೀಬೇಕು. ಹಾಗಾಗಿ ಸಮುದ್ರ ತೀರದ ಸೆಕೆ ಊರಿನ ಮರ ಬೇಡ, ಎತ್ತರದ ಪ್ರಸ್ಥಭೂಮಿಯ ತಣ್ಣನೆಯ ಊರಿನ ಮರ ಬೇಕು. ಸಿಪ್ಪೆ ಸ್ವಲ್ಪ ದಪ್ಪ ಇರಬೇಕು. ತಿರುಳಲ್ಲಿ ಜಿಡ್ಡು ಇರಬೇಕು.

ಈ ಪಟ್ಟಿ ಹಿಡಿದು ಅವರು 1911ರಲ್ಲಿ ಒಬ್ಬ ಯುವಕನನ್ನ ಮೆಕ್ಸಿಕೊಗೆ ಕಳಿಸಿದ್ರು. ಹೆಸರು ಕಾರ್ಲ್ ಶ್ಮಿಟ್.

ಭಾಗ 4/10: ಮೊದಲು ಸಂತೆಗೆ ಹೋಗು

ಕಾಲ ಹೇಗಿತ್ತು ನೋಡಿ. ನವೆಂಬರ್ 1910ರಲ್ಲಿ ಮೆಕ್ಸಿಕೊದಲ್ಲಿ ಕ್ರಾಂತಿ ಶುರುವಾಗಿತ್ತು. ಪುಯೆಬ್ಲಾ ನಗರದಲ್ಲಿ ಸೆರ್ದಾನ್ ಕುಟುಂಬದ ಮನೆಯಲ್ಲಿ ಆ ತಿಂಗಳ 18ಕ್ಕೆ ಗುಂಡಿನ ಕಾಳಗ ನಡೆದಿತ್ತು. ಮೇ 1911ರಲ್ಲಿ ದಶಕಗಳ ಕಾಲ ಆಳಿದ ಪೊರ್ಫಿರಿಯೊ ದಿಯಾಸ್ ರಾಜೀನಾಮೆ ಕೊಟ್ಟು ದೇಶ ಬಿಟ್ಟ. ದೇಶ ತಲೆಕೆಳಗಾಗ್ತಿದ್ದ ಅದೇ ವರ್ಷ ಈ ಹುಡುಗ ಆವಕಾಡೊ ಮರ ಹುಡುಕ್ತಾ ತಿರುಗಿದ.

ಹೊಸ ಊರು. ಯಾರ ಮನೆಯಲ್ಲಿ ಯಾವ ಮರ ಇದೆ ಅಂತ ಗೊತ್ತಿಲ್ಲ. ನೀವಾಗಿದ್ರೆ ಏನು ಮಾಡ್ತಿದ್ರಿ?

ಶ್ಮಿಟ್ ಮಾಡಿದ್ದು ಇಷ್ಟು. ನೇರ ಮಾರುಕಟ್ಟೆಗೆ ಹೋದ. ಮಾರಕ್ಕಿಟ್ಟ ಹಣ್ಣು ನೋಡಿದ, ತಿಂದ. ಚೆನ್ನಾಗಿ ಕಂಡಿದ್ದು ಎಲ್ಲಿಂದ ಬಂತು ಅಂತ ಕೇಳಿದ. ಆಮೇಲೆ ಆ ಸುಳಿವು ಹಿಡಿದು ಮರದ ಬುಡದ ತನಕ ಹೋದ. ಒಂದೊಂದು ಒಳ್ಳೆ ಮರಕ್ಕೂ ಒಂದೊಂದು ನಂಬರ್ ಕೊಟ್ಟು ಕಡ್ಡಿ ಕಡಿದ.

ಎಷ್ಟು ಬುದ್ಧಿವಂತಿಕೆ ನೋಡಿ ಇದರಲ್ಲಿ. ಊರಿನ ಸಂತೆ ಅಂದ್ರೆ ಸುತ್ತಲಿನ ಎಲ್ಲ ಹಿತ್ತಿಲು, ಎಲ್ಲ ತೋಟ ಒಂದೇ ಕಡೆ ಬಂದು ಕೂತ ಹಾಗೆ. ಕೆ.ಆರ್. ಮಾರ್ಕೆಟ್ಟಿಗೋ ಮೈಸೂರಿನ ದೇವರಾಜ ಮಾರುಕಟ್ಟೆಗೋ ಹೋದ್ರೆ ನೂರು ಊರು ತಿರುಗಿದಷ್ಟು ಸರಕು ನೋಡಬಹುದಲ್ವಾ? ಅದೇ ಲೆಕ್ಕ. ಜೊತೆಗೆ ಮಾರುವವರು ಆಗಲೇ ಆರಿಸಿ ತಂದಿರ್ತಾರೆ. ಕೆಟ್ಟ ಹಣ್ಣು ತಂದ್ರೆ ಅವರಿಗೇ ನಷ್ಟ. ಯಾವ ಮರದ್ದು ಮೊದಲು ಖಾಲಿ ಆಗುತ್ತೆ, ಯಾವುದನ್ನ ಗಿರಾಕಿ ಮುಟ್ಟಲ್ಲ, ಎಲ್ಲ ಬಾಯಿಪಾಠ.

ಈ ಕಥೆಯನ್ನ ಹೇಳುವವರು ಸಾಮಾನ್ಯವಾಗಿ ಶ್ಮಿಟ್ ಹೆಸರಿನಿಂದ ಶುರು ಮಾಡ್ತಾರೆ. ನಿಜವಾಗಿ ಆಯ್ಕೆ ಮಾಡಿದವರು ತಲೆತಲಾಂತರದಿಂದ ಆ ಹಣ್ಣು ಬೆಳೆದ, ತಿಂದ, ಮಾರಿದ ಜನ. ಅವರು ಆರಿಸಿಟ್ಟಿದ್ದನ್ನ ಇವನು ಎತ್ತಿಕೊಂಡ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 5/10: ಅಟ್ಲಿಸ್ಕೊ, ಲೆ ಬ್ಲಾಂಕ್ ಅವರ ಹಿತ್ತಿಲು

ಪುಯೆಬ್ಲಾ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಅಟ್ಲಿಸ್ಕೊ ಅನ್ನೋ ಊರಿದೆ. ಪೊಪೊಕಾಟೆಪೆಟ್ಲ್ ಜ್ವಾಲಾಮುಖಿಯ ತಪ್ಪಲು, ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ ಶಿಖರಕ್ಕಿಂತ ಸ್ವಲ್ಪ ಕಮ್ಮಿ. ಅಷ್ಟು ಎತ್ತರದಲ್ಲಿ ಒಂದು ಇಡೀ ಪಟ್ಟಣ.

ಅಲ್ಲಿ ಅಲೆಹಾಂದ್ರೊ ಲೆ ಬ್ಲಾಂಕ್ ಅನ್ನೋರ ಮನೆ ತೋಟದಲ್ಲಿ ಒಂದು ಆವಕಾಡೊ ಮರ ಇತ್ತು. ಹಸಿರು ಸಿಪ್ಪೆ, ಪೇರು ಹಣ್ಣಿನ ಆಕಾರ, ಬೆಣ್ಣೆಯಂಥ ತಿರುಳು. ಶ್ಮಿಟ್ ಅದಕ್ಕೆ ಕೊಟ್ಟ ನಂಬರ್ 15.

ಮರ ವಿಶೇಷ ಯಾಕೆ ಅನ್ನೋದು ಆಮೇಲೆ ತಿಳೀತು. ಮೆಕ್ಸಿಕೊ ಎತ್ತರ ಪ್ರದೇಶದ ಆವಕಾಡೊಗೆ ಚಳಿ ತಡೆಯುವ ಶಕ್ತಿ ಇದೆ, ಆದ್ರೆ ಸಿಪ್ಪೆ ತೆಳು. ಗ್ವಾಟೆಮಾಲಾ ಕಡೆಯದಕ್ಕೆ ಸಿಪ್ಪೆ ದಪ್ಪ, ಆದ್ರೆ ಚಳಿ ಅಷ್ಟು ತಡೆಯಲ್ಲ. ಈ ಮರ ಎರಡೂ ಬಳಗ ತಾನಾಗೇ ಬೆರೆತು ಹುಟ್ಟಿದ್ದು. ಯಾವ ವಿಜ್ಞಾನಿಯೂ ಕೂಡಿಸಿದ್ದಲ್ಲ. ಯಾವುದೋ ದುಂಬಿ ಅಥವಾ ಜೇನು ಮಾಡಿದ ಕೆಲಸ.

ಕಡ್ಡಿ ಕಡಿಯೋದು ನೋಡಕ್ಕೆ ಸುಲಭ. ಎಳೆಯ ಚಿಗುರು ಬೇಡ, ಬಾಡಿ ಹೋಗುತ್ತೆ. ಹಳೆಯ ಗಟ್ಟಿ ಕೊಂಬೆ ಬೇಡ, ಕಣ್ಣು ಒಡೆಯಲ್ಲ. ಮೊಗ್ಗು ತುಂಬಿಕೊಂಡಿದ್ದು ಇನ್ನೂ ಚಿಗುರದ ಕಡ್ಡಿ ಬೇಕು. ಎಲೆ ಕತ್ತರಿಸಿ ಬರೀ ತೊಟ್ಟು ಬಿಡಬೇಕು, ಇಲ್ಲಾಂದ್ರೆ ಎಲೆ ಮೂಲಕ ನೀರೆಲ್ಲ ಆರಿ ಹೋಗುತ್ತೆ. ಆ ಕಾಲದ ಸಸ್ಯಶೋಧಕರು ಒದ್ದೆ ಹಾವಸೆಯಲ್ಲಿ ಸುತ್ತಿ, ಎಣ್ಣೆ ಕಾಗದ ಹೊದಿಸಿ ಅಂಚೆಯಲ್ಲಿ ಕಳಿಸ್ತಿದ್ರು. ಒದ್ದೆ ಜಾಸ್ತಿ ಆದ್ರೆ ಬೂಸ್ಟು, ಕಮ್ಮಿ ಆದ್ರೆ ಒಣಗುತ್ತೆ. ಕಡಿದ ದಿನದಿಂದಲೇ ಗಡಿಯಾರ ಓಡಕ್ಕೆ ಶುರು. ಫ್ರಿಜ್ ಇಲ್ಲ, ವಿಮಾನ ಇಲ್ಲ, ಕ್ರಾಂತಿ ನಡೀತಿದೆ.

15ನೇ ನಂಬರ್ ಕಡ್ಡಿ ಜೀವ ಉಳಿಸಿಕೊಂಡು ಆಲ್ಟಡೀನಾ ಮುಟ್ಟಿತು. ಅಲ್ಲಿ ಕಸಿ ಕಟ್ಟಿದ್ರು. ಹಿಡೀತು.

ಭಾಗ 6/10: ಹೆಸರು ಬಂದಿದ್ದು ಚಳಿಯಿಂದ

ಎರಡು ವರ್ಷ ಅದು ಬರೀ ನಂಬರ್. ಹೆಸರೂ ಇಲ್ಲ, ದರ್ಬಾರೂ ಇಲ್ಲ. ನರ್ಸರಿಯ ಸಾಲುಗಳಲ್ಲಿ ಬೇರೆ ಎಷ್ಟೋ ಗಿಡಗಳ ಜೊತೆ ನಿಂತಿತ್ತು.

ಜನವರಿ 1913. ದಕ್ಷಿಣ ಕ್ಯಾಲಿಫೋರ್ನಿಯಾಗೆ ಭಾರಿ ಹಿಮಗಾಳಿ ಬಡೀತು. ಕಿತ್ತಳೆ, ನಿಂಬೆ ತೋಟಗಳು ಸುಟ್ಟ ಹಾಗೆ ಕಪ್ಪಾದವು. ನರ್ಸರಿಯ ಎಳೆ ಆವಕಾಡೊ ಗಿಡಗಳು ಸಾಲುಸಾಲಾಗಿ ಸತ್ತವು. ವರ್ಷಗಟ್ಟಲೆ ಹುಡುಕಿ ತಂದ ತಳಿಗಳು ಒಂದೇ ವಾರದಲ್ಲಿ ಹೋದವು.

15ನೇ ನಂಬರ್ ಮಾತ್ರ ಹಸಿರಾಗೇ ನಿಂತಿತ್ತು.

ಆಗ ಅದಕ್ಕೆ ಹೆಸರಿಟ್ರು: ಫುಯೆರ್ಟೆ. ಸ್ಪ್ಯಾನಿಷ್‌ನಲ್ಲಿ ಹಾಗಂದ್ರೆ ಗಟ್ಟಿ, ಬಲಶಾಲಿ. ಅಟ್ಲಿಸ್ಕೊದ ಎತ್ತರದ ಚಳಿಯಲ್ಲಿ ಹುಟ್ಟಿ ಬೆಳೆದ ಮರಕ್ಕೆ ಆ ಚಳಿ ಹೊಸದೇನೂ ಆಗಿರಲಿಲ್ಲ.

ಆಮೇಲೆ ಯೋರ್ಬಾ ಲಿಂಡಾ ಅನ್ನೋ ಕಡೆ ವೆಡನ್ ಅನ್ನೋ ರೈತ ಫುಯೆರ್ಟೆ ಗಿಡಗಳ ತೋಟ ಹಾಕಿದ. ಆತ ಮೊದಲು ಕೇಳಿದ್ದು ಬೇರೆ ತಳಿಯಂತೆ. ಅದು ಸಿಗದೆ ಬದಲಿಗೆ ಬಂದಿದ್ದು ಈ ಗಿಡ. ಹಣ್ಣು ಬಂದ ಮೇಲೆ ಹೋಟೆಲಿನವರು ಒಳ್ಳೆ ದುಡ್ಡು ಕೊಟ್ಟು ಕೊಂಡ್ರು. ಅಕ್ಕಪಕ್ಕದ ರೈತರು ಹಣ್ಣಿಗಿಂತ ಕಡ್ಡಿಗೆ ಮುಗಿಬಿದ್ರು. ಒಂದು ತೋಟದ ಕಡ್ಡಿಯಿಂದ ಇನ್ನೊಂದು ತೋಟ, ಅಲ್ಲಿಂದ ಮತ್ತೊಂದು.

ಮುಂದಿನ ಐವತ್ತಕ್ಕೂ ಹೆಚ್ಚು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಆವಕಾಡೊ ಅಂದ್ರೆ ಮುಖ್ಯವಾಗಿ ಫುಯೆರ್ಟೆ. ಆ ಸಾವಿರಾರು ಎಕರೆಯ ಪ್ರತಿಯೊಂದು ಫುಯೆರ್ಟೆ ಮರವೂ ಲೆ ಬ್ಲಾಂಕ್ ಹಿತ್ತಿಲಿನ ಅದೇ ಒಂದು ಮರ. ಭಾಗ 2ರಲ್ಲಿ ಹೇಳಿದ್ದು ನೆನಪಿದೆ ತಾನೇ?

ಭಾಗ 7/10: ಕಡ್ಡಿ ಒಳಗೆ, ಹಣ್ಣು ಹೊರಗೆ

ಇಲ್ಲಿಂದ ಕಥೆ ಸ್ವಲ್ಪ ಕಹಿ.

1914ರಲ್ಲಿ ಅಮೆರಿಕ ಸರ್ಕಾರ ಮೆಕ್ಸಿಕೊದ ಆವಕಾಡೊ ಆಮದು ನಿಲ್ಲಿಸಿತು. ಕೊಟ್ಟ ಕಾರಣ ಬೀಜ ಕೊರೆಯುವ ಹುಳ. ಹುಳ ಇದ್ದಿದ್ದು ಸುಳ್ಳಲ್ಲ, ತೋಟಗಳಿಗೆ ಅದು ನಿಜವಾದ ಅಪಾಯವೇ. ಆದ್ರೆ ಆ ನಿಷೇಧ ಎಷ್ಟು ವರ್ಷ ಉಳೀತು ಗೊತ್ತಾ? 1997ರ ತನಕ. 83 ವರ್ಷ. ಆಗಲೂ ಬಾಗಿಲು ತೆರೆದಿದ್ದು ಕೆಲವು ರಾಜ್ಯಗಳಿಗೆ ಮಾತ್ರ, ಅದೂ ಚಳಿಗಾಲದಲ್ಲಿ ಮಾತ್ರ.

ತಾರೀಖು ಪಕ್ಕಪಕ್ಕ ಇಟ್ಟು ನೋಡಿ. 1911ರಲ್ಲಿ ಕಡ್ಡಿ ಒಳಗೆ ಬಂತು. 1914ರಲ್ಲಿ ಹಣ್ಣಿಗೆ ಬಾಗಿಲು ಮುಚ್ಚಿತು. ಕಡ್ಡಿ ಕೊಟ್ಟ ನಾಡಿನ ರೈತ ಅದೇ ಹಣ್ಣನ್ನ ಪಕ್ಕದ ದೇಶದಲ್ಲಿ ಮಾರೋ ಹಾಗಿಲ್ಲ. ಕಡ್ಡಿ ಪಡೆದವರಿಗೆ ಇಡೀ ಮಾರುಕಟ್ಟೆ.

1915ರಲ್ಲಿ ಇನ್ನೊಂದು ಬದಲಾವಣೆ. ಮೆಕ್ಸಿಕೊದಲ್ಲಿ ಈ ಹಣ್ಣಿನ ಹೆಸರು ಆಗ್ವಾಕಾಟೆ. ಅದು ನಾವಾಟ್ಲ್ ಭಾಷೆಯಿಂದ ಬಂದಿದ್ದು. ಕ್ಯಾಲಿಫೋರ್ನಿಯಾದ ಬೆಳೆಗಾರರು ಲಾಸ್ ಏಂಜಲೀಸಿನ ಒಂದು ಹೋಟೆಲಿನಲ್ಲಿ ಸೇರಿ, ಗಿರಾಕಿಗಳ ನಾಲಿಗೆಗೆ ಅದು ಕಷ್ಟ ಅಂತ "ಆವಕಾಡೊ" ಅನ್ನೋ ಹೆಸರನ್ನೇ ಗಟ್ಟಿ ಮಾಡಿದ್ರು.

ಅಟ್ಲಿಸ್ಕೊವನ್ನ ಅವರು ಪೂರ್ತಿ ಮರೆತರು ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ. 1938ರಲ್ಲಿ ಕ್ಯಾಲಿಫೋರ್ನಿಯಾದ ಬೆಳೆಗಾರರು ಯಾತ್ರೆ ಹೋದ ಹಾಗೆ ಅಟ್ಲಿಸ್ಕೊಗೆ ಹೋಗಿ ತಾಯಿಮರದ ನೆನಪಿಗೆ ಫಲಕ ಇಟ್ಟು ಬಂದ್ರು. ಒಳ್ಳೇದೇ. ಆ ಹೊತ್ತಿಗೆ ಕಡ್ಡಿ ಬಂದು 27 ವರ್ಷ ಆಗಿತ್ತು, ನಿಷೇಧ ಹಾಕಿ 24 ವರ್ಷ.

ಫಲಕಕ್ಕೂ ಪಾಲಿಗೂ ವ್ಯತ್ಯಾಸ ಇದೆ. ಮುಂದಿನ ಎರಡು ಭಾಗ ಅದರ ಬಗ್ಗೆ.

ಭಾಗ 8/10: ಫುಯೆರ್ಟೆಯನ್ನ ಒಪ್ಪದ ಗಿಡ

1926. ಕ್ಯಾಲಿಫೋರ್ನಿಯಾದ ಲಾ ಹಾಬ್ರಾ ಹೈಟ್ಸ್. ರುಡಾಲ್ಫ್ ಹ್ಯಾಸ್ ಅನ್ನೋ ಪೋಸ್ಟ್‌ಮ್ಯಾನ್ ಒಂದು ಚಿಕ್ಕ ತೋಟ ಮಾಡಿದ. ಆಸೆ ಏನು? ಎಲ್ಲರ ಹಾಗೆ ಫುಯೆರ್ಟೆ ಬೆಳೀಬೇಕು. ಬೀಜ ತಂದು ಸಸಿ ಎಬ್ಬಿಸಿ, ಅದರ ಮೇಲೆ ಫುಯೆರ್ಟೆ ಕಡ್ಡಿ ಕಸಿ ಕಟ್ಟೋದು ಅಂತ ಯೋಜನೆ.

ಒಂದು ಸಸಿ ಮಾತ್ರ ಕಸಿ ಹಿಡೀಲಿಲ್ಲ. ಮತ್ತೆ ಕಟ್ಟಿದ್ರೂ ಹಿಡೀಲಿಲ್ಲ. ಕಿತ್ತು ಬಿಸಾಕೋಣ ಅಂದ್ರೆ ಗಿಡ ಗಟ್ಟಿಮುಟ್ಟಾಗಿದೆ, ಇರಲಿ ಅಂತ ಬಿಟ್ರು. ಅದು ತನ್ನದೇ ಹಣ್ಣು ಬಿಟ್ಟಿತು. ಒರಟು ಸಿಪ್ಪೆ, ಹಣ್ಣಾದಾಗ ಕಪ್ಪು. ನೋಡಕ್ಕೆ ಚೆಂದ ಇಲ್ಲ. ಮನೆ ಮಕ್ಕಳು ತಿಂದು ಇದೇ ಚೆನ್ನಾಗಿದೆ ಅಂದ್ರು.

ಅದೇ ಇವತ್ತಿನ ಹ್ಯಾಸ್. ಸೂಪರ್ ಮಾರ್ಕೆಟ್‌ನಲ್ಲಿ ಸ್ಟಿಕರ್ ಅಂಟಿಸಿಕೊಂಡು ಕೂತಿರೋ ಕಪ್ಪು ಒರಟು ಹಣ್ಣು. 1970ರ ದಶಕದಲ್ಲಿ ಫುಯೆರ್ಟೆಯನ್ನ ಹಿಂದೆ ಹಾಕಿತು. ಈಗ ಜಗತ್ತಿನಲ್ಲಿ ಮಾರಾಟವಾಗೋ ಆವಕಾಡೊದಲ್ಲಿ ದೊಡ್ಡ ಪಾಲು ಅದರದೇ.

ಅಮೆರಿಕದಲ್ಲಿ 1930ರಲ್ಲಿ ಗಿಡಗಳಿಗೂ ಪೇಟೆಂಟ್ ಕೊಡುವ ಕಾನೂನು ಬಂದಿತ್ತು. ಹ್ಯಾಸ್ 1935ರಲ್ಲಿ ತನ್ನ ಮರಕ್ಕೆ ಪೇಟೆಂಟ್ ಪಡೆದ, ನಂಬರ್ 139. ಹಾಗಾದ್ರೆ ಕೋಟ್ಯಧಿಪತಿ ಆದನಾ? ಇಲ್ಲ. ಜನ ಒಂದು ಗಿಡ ಕೊಂಡು ಅದರ ಕಡ್ಡಿಯಿಂದ ಇಡೀ ತೋಟಕ್ಕೆ ತಾವೇ ಕಸಿ ಕಟ್ಟಿಕೊಂಡ್ರು. ಇಡೀ ಜೀವಮಾನದಲ್ಲಿ ಆತನಿಗೆ ಪೇಟೆಂಟಿನಿಂದ ಸಿಕ್ಕಿದ್ದು ಸುಮಾರು 5,000 ಡಾಲರ್. ಆತ ಅಂಚೆ ಕೆಲಸ ಬಿಡಲಿಲ್ಲ. ಪೇಟೆಂಟ್ ಅವಧಿ ಮುಗಿದ 1952ರಲ್ಲೇ ತೀರಿಕೊಂಡ. ತಾಯಿಮರ ಬೇರು ಕೊಳೆತು 2002ರಲ್ಲಿ ಸತ್ತಿತು.

ಲೆ ಬ್ಲಾಂಕ್ ಕಾಲದಲ್ಲಿ ಕಾನೂನೇ ಇರಲಿಲ್ಲ. ಹ್ಯಾಸ್ ಕಾಲದಲ್ಲಿ ಕಾನೂನು ಇತ್ತು, ಕೈಗೆ ದುಡ್ಡು ಬರಲಿಲ್ಲ. ಕಡ್ಡಿಗೆ ಕಾವಲು ಹಾಕೋದು ಕಷ್ಟ. ಜೇಬಲ್ಲಿ ಹಿಡಿಯುತ್ತೆ ಅದು.

ಭಾಗ 9/10: ನಮ್ಮೂರಿನ ತಾಯಿಮರಗಳು

ಈಗ ನಮ್ಮ ಕಡೆಗೆ ಬರೋಣ.

ಕೊಡಗಿನ ಕಾಫಿ ತೋಟಗಳಲ್ಲಿ ಬೆಣ್ಣೆ ಹಣ್ಣಿನ ಮರ ನೋಡಿರ್ತೀರಿ. ಬಹಳಷ್ಟು ಬೀಜದಿಂದ ಎದ್ದವು. ಹಾಗಾಗಿಯೇ ನಮ್ಮ ಸಂತೆಯಲ್ಲಿ ಒಂದೇ ರಾಶಿಯಲ್ಲಿ ಉದ್ದ, ಗುಂಡು, ಹಸಿರು, ನೇರಳೆ ಎಲ್ಲ ಥರದ ಹಣ್ಣು ಸಿಗೋದು. ಕ್ಯಾಲಿಫೋರ್ನಿಯಾ 1900ರಲ್ಲಿ ಇದ್ದ ಹಾಗೆ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ತೋಟಗಾರಿಕಾ ಪ್ರಯೋಗ ಕೇಂದ್ರದವರು ಇಂಥ ಮರಗಳಲ್ಲಿ ಒಳ್ಳೇದನ್ನ ಆರಿಸಿ ತಳಿ ಮಾಡುವ ಕೆಲಸ ಮಾಡಿದ್ದಾರೆ.

ಪಾಲಿನ ಪ್ರಶ್ನೆಗೆ ಉತ್ತರ ಸಿಗೋದು ಹಲಸಿನಲ್ಲಿ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಂದು ರೈತ ಕುಟುಂಬದ ಜಮೀನಿನಲ್ಲಿ ಹಲಸಿನ ಮರ ಇತ್ತು. ಹಣ್ಣು ಚಿಕ್ಕದು, ಎರಡೂವರೆ ಕೆಜಿ ಆಸುಪಾಸು. ತೊಳೆ ತಾಮ್ರಗೆಂಪು. ನೆಂಟರಿಷ್ಟರು ಕೇಳಿ ಕೇಳಿ ತಗೊಂಡು ಹೋಗ್ತಿದ್ದ ಹಣ್ಣು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ಮರವನ್ನ ಗುರುತಿಸಿತು. ಮರ ನೆಟ್ಟ ಸಿದ್ದಪ್ಪ ಅವರ ನೆನಪಿಗೆ ತಳಿಗೆ "ಸಿದ್ದು" ಅಂತ ಹೆಸರಾಯ್ತು. 2017ರಲ್ಲಿ ಸಂಸ್ಥೆ ಅವರ ಮಗನ ಜೊತೆ ಒಪ್ಪಂದ ಮಾಡಿಕೊಂಡಿತು: ಸಂಸ್ಥೆ ಕಸಿ ಗಿಡ ಮಾಡಿ ಮಾರುತ್ತೆ, ಬಂದ ಹಣದಲ್ಲಿ ಶೇ. 75 ರೈತನಿಗೆ.

ಮುಕ್ಕಾಲು ಪಾಲು! ಅಟ್ಲಿಸ್ಕೊದ ಮರಕ್ಕೆ 27 ವರ್ಷದ ನಂತರ ಫಲಕ. ಚೇಳೂರಿನ ಮರಕ್ಕೆ ಹೆಸರೂ ಸಿಕ್ತು, ಪಾಲೂ ಸಿಕ್ತು. ನೂರು ವರ್ಷದಲ್ಲಿ ಇಷ್ಟು ದೂರ ಬಂದಿದ್ದೀವಿ.

ಮಲೆನಾಡಿನವರು ಇದನ್ನ ಬೇರೆ ರೀತಿಯಲ್ಲಿ ಮೊದಲಿಂದಲೂ ಮಾಡ್ತಾ ಬಂದಿದ್ದಾರೆ. ಉಪ್ಪಿನಕಾಯಿಯ ಅಪ್ಪೆಮಿಡಿಯಲ್ಲಿ "ಅನಂತಭಟ್ಟನ ಅಪ್ಪೆ" ಅಂತ ಒಂದು ತಳಿ ಇದೆ. ಮಿಡಿಯ ಹೆಸರಲ್ಲೇ ಮನುಷ್ಯನ ಹೆಸರು. ಪೇಟೆಂಟ್ ಇಲ್ಲ, ಒಪ್ಪಂದ ಇಲ್ಲ. ಆದ್ರೂ ಪ್ರತಿ ಸಲ ಉಪ್ಪಿನಕಾಯಿ ಬಡಿಸುವಾಗ ಆ ಹೆಸರು ಬಾಯಿಗೆ ಬರುತ್ತೆ.

ಭಾಗ 10/10: ನೀವು ಹೊಸ ಊರಿಗೆ ಹೋದಾಗ

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ನಿಮ್ಮ ಸುತ್ತಲೂ ನಂಬರ್ ಇಲ್ಲದ ಮರಗಳಿವೆ.

ಅಜ್ಜಿ ಮನೆ ಹಿತ್ತಿಲಿನ ಸೀಬೆ. ಪಿ.ಜಿ. ಪಕ್ಕದ ಹಳೇ ಮನೆಯ ಕಾಂಪೌಂಡಿನಲ್ಲಿರೋ ಹಲಸು. ಅತ್ತೆ ಊರಿನ ಚಕ್ಕೋತ. ಅವುಗಳಲ್ಲಿ ಯಾವುದೋ ಒಂದು ಇನ್ನೆಲ್ಲೂ ಇಲ್ಲದ ರುಚಿಯದಾಗಿರಬಹುದು. ರಸ್ತೆ ಅಗಲ ಆಗುವಾಗ, ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವಾಗ ಆ ಮರ ಹೋದ್ರೆ ಆ ರುಚಿಯೂ ಹೋಯ್ತು. ಬೀಜ ಎತ್ತಿಟ್ಟುಕೊಂಡ್ರೆ ಮಗು ಸಿಗುತ್ತೆ, ಆ ಮರ ಸಿಗಲ್ಲ. ಕಡ್ಡಿ ಒಂದೇ ದಾರಿ. ಮರ ನೆಲಕ್ಕೆ ಬೀಳೋ ಮೊದಲು.

ಹಾಗಾಗಿ ಬೇರೆ ಊರಿಗೆ ಟ್ರಿಪ್ ಹೋದಾಗ ಶ್ಮಿಟ್ ಮಾಡಿದ್ದನ್ನ ನೀವೂ ಮಾಡಬಹುದು, ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ:

🌿 ಮೊದಲು ಸಂತೆಗೆ ಹೋಗಿ. ಹಣ್ಣು ಮಾರುವ ಅಮ್ಮನ ಹತ್ತಿರ ಕೂತು ಕೇಳಿ: ಇದು ಯಾವ ಊರಿನದು, ಯಾರ ಮರದ್ದು? ಕೊಂಡು ತಿಂದು ಆಮೇಲೆ ಕೇಳಿ. ಬರೀ ಕೇಳಿ ಹೋಗಬೇಡಿ.

🌿 ಮರ ಸಿಕ್ಕರೆ ಮನೆಯವರನ್ನ ಕರೆದು ಮಾತಾಡಿಸಿ, ಅನುಮತಿ ತಗೊಳ್ಳಿ. ಕಾಂಪೌಂಡಿಂದ ಹೊರಗೆ ಬಾಗಿದ ಕೊಂಬೆ ಆದ್ರೂ ಸರಿ. ಲಾಲ್‌ಬಾಗಿನಂಥ ಸರ್ಕಾರಿ ತೋಟದಲ್ಲಿ ಕೈ ಹಾಕಲೇಬೇಡಿ.

🌿 ಬೆಳಿಗ್ಗೆ ಹೊತ್ತು, ಹರಿತವಾದ ಚಾಕುವಿನಿಂದ ಕಡೀರಿ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ ಸಾಕು. ಎರಡು ಮೂರು ಕಡ್ಡಿಗಿಂತ ಜಾಸ್ತಿ ಬೇಡ. ಎಲೆ ಕತ್ತರಿಸಿ, ತೊಟ್ಟು ಬಿಡಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಎರಡು ಮೂರು ದಿನದೊಳಗೆ ಕಸಿ ಗೊತ್ತಿರೋರ ಕೈಗೆ ಕೊಡಿ.

🌿 ಮರಕ್ಕೆ ರೋಗ ಇದೆ ಅನಿಸಿದ್ರೆ ಮುಟ್ಟಬೇಡಿ. ರೋಗವೂ ಕಡ್ಡಿ ಜೊತೆ ಪ್ರಯಾಣ ಮಾಡುತ್ತೆ. ವಿದೇಶದಿಂದಂತೂ ಸೂಟ್‌ಕೇಸಿನಲ್ಲಿ ಕಡ್ಡಿ ತರಲೇಬೇಡಿ. ನಮ್ಮಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಮೊದಲೇ ಪರವಾನಗಿ ಬೇಕು, ತಪಾಸಣೆ ಆಗಬೇಕು. 1914ರ ಆ ಹುಳದ ಭಯ ಸುಳ್ಳಲ್ಲ ಅಂತ ಹೇಳಿದ್ನಲ್ಲ.

🌿 ಕೊನೆಯದು, ನನ್ನ ಪ್ರಕಾರ ಮುಖ್ಯವಾದದ್ದು. ಕಡ್ಡಿಗೆ ಒಂದು ಚೀಟಿ ಕಟ್ಟಿ. ಅದರ ಮೇಲೆ ಊರು, ಬೀದಿ, ಮರ ನೆಟ್ಟವರ ಹೆಸರು, ತಾರೀಖು ಬರೀರಿ. ಮನೆಯವರು ಹೇಳಿದ ಹೆಸರಿನಲ್ಲೇ ಮರವನ್ನ ಕರೀರಿ. ಗಿಡ ಹಿಡಿದ ಮೇಲೆ ಅವರಿಗೆ ಒಂದು ಫೋಟೊ ಕಳಿಸಿ. ಹಣ್ಣು ಬಂದಾಗ ಒಂದಷ್ಟು ಕೊಟ್ಟು ಬನ್ನಿ. ಕಸಿ ಗಿಡ ಮಾಡಿ ಮಾರಿ ದುಡ್ಡು ಬಂದ್ರೆ ಪಾಲು ಕೊಡಿ. ಶೇ. 75 ಅಂತ ಒಂದು ಲೆಕ್ಕ ಈಗಾಗಲೇ ನಮ್ಮ ತುಮಕೂರಿನಲ್ಲೇ ಇದೆ.

ಹಣ್ಣು ಯಾರದು ಅಂತ ಮೊದಲ ಭಾಗದಲ್ಲಿ ಕೇಳಿದ್ದೆ. ಕಾನೂನಿನ ಉತ್ತರ ದೇಶಕ್ಕೊಂದು, ಕಾಲಕ್ಕೊಂದು. ಆದ್ರೆ ನೆಟ್ಟವರ ಹೆಸರು ಬರೆದಿಡೋದಕ್ಕೆ ಯಾವ ಕಾನೂನೂ ಬೇಕಾಗಿಲ್ಲ, ಒಂದು ಚೀಟಿ ಸಾಕು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಇನ್ನೆಲ್ಲೂ ಸಿಗದ ರುಚಿಯ ಹಣ್ಣಿನ ಮರ ಇದ್ರೆ, ಊರು, ನೆಟ್ಟವರು ನಿಮಗೇನಾಗಬೇಕು, ಹಣ್ಣು ಹೇಗಿರುತ್ತೆ ಅಂತ ಕಾಮೆಂಟ್‌ನಲ್ಲಿ ಬರೀರಿ. ಪೂರ್ತಿ ವಿಳಾಸ ಬೇಡ. ಗೊತ್ತಿಲ್ಲದಿದ್ರೆ ಇವತ್ತೇ ಅಜ್ಜಿಗೆ ಫೋನ್ ಮಾಡಿ ಕೇಳಿ.

#ಹಣ್ಣಿನಇತಿಹಾಸ #ಬೆಣ್ಣೆಹಣ್ಣು #ತಾಯಿಮರ #ಕಸಿ #ಕನ್ನಡದಲ್ಲಿಇತಿಹಾಸ